ರಜೆಯ ಪ್ರವಾಸವೂ ಶಾಪದ ವಸ್ತುಗಳ ಭಯವೂ

ಬೇಸಿಗೆ ರಜೆ ಬಂದೊಡನೆ ಮನೆಮನೆಗಳಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ಪ್ರವಾಸವು ಇಸ್ಲಾಮಿನ ದೃಷ್ಟಿಯಲ್ಲಿ ವ್ಯರ್ಥ ಕಾಲಹರಣವಲ್ಲ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯ ಆರಂಭವನ್ನೂ ಗತಿಸಿಹೋದ ಜನಾಂಗಗಳ ಅಂತ್ಯವನ್ನೂ ಗಮನಿಸಬೇಕೆಂದು ಪವಿತ್ರ ಕುರ್‌ಆನ್ ಹಲವೆಡೆ (29:20, 6:11) ಪ್ರೇರೇಪಿಸುತ್ತದೆ. ಆದ್ದರಿಂದ ಸತ್ಯವಿಶ್ವಾಸಿಯ ಪಾಲಿಗೆ ಪ್ರವಾಸವೂ ಒಂದು ವಿದ್ಯಾಭ್ಯಾಸ.

ಆದರೆ ನೋಡುವುದರಲ್ಲಿ ಎರಡು ಬಗೆ ಇದೆ. ಕಂಡದ್ದರಿಂದ ಪಾಠ ಕಲಿಯುವುದು ಒಂದು. ಕಂಡದ್ದಕ್ಕೆ ಹೆದರುವುದು ಇನ್ನೊಂದು. ಇತ್ತೀಚಿನ ವರ್ಷಗಳಲ್ಲಿ ಈ ಎರಡನೆಯದಕ್ಕೆ ದೊಡ್ಡ ಮಾರುಕಟ್ಟೆಯೇ ತೆರೆದುಕೊಂಡಿದೆ. ದೆವ್ವ ಸೇರಿಕೊಂಡಿದೆ ಎನ್ನಲಾಗುವ ಗೊಂಬೆ, ಕನ್ನಡಿ, ಕುರ್ಚಿಗಳನ್ನು ಕೂಡಿಸಿಟ್ಟು ಟಿಕೆಟ್ ಪಡೆದು ತೋರಿಸುವ ಮ್ಯೂಸಿಯಂಗಳು ವಿದೇಶಗಳಲ್ಲಿ ಹುಟ್ಟಿಕೊಂಡಿವೆ. ಅದನ್ನು ನೋಡಲು ಚಿಕ್ಕಬಳ್ಳಾಪುರದ ಮಕ್ಕಳು ವಿಮಾನ ಹತ್ತಬೇಕಾಗಿಲ್ಲ; ಮೊಬೈಲ್ ತೆರೆದರೆ ಸಾಕು. ನಂದಿಬೆಟ್ಟಕ್ಕೆ ಹೊರಟ ಮಗು ಅಲ್ಲಿನ ಕೋಟೆಯ ಬಗ್ಗೆ ಕೇಳುವುದಕ್ಕಿಂತ ಮೊದಲು, "ಅಬ್ಬಾ, ಟಿಪ್ಪು ಡ್ರಾಪಿನಲ್ಲಿ ರಾತ್ರಿ ಕಿರುಚಾಟ ಕೇಳಿಸುತ್ತದಂತೆ, ನಿಜವೇ?" ಎಂದು ಕೇಳುತ್ತದೆ.

ಈ ಪ್ರಶ್ನೆಗೆ ನೀವು ಏನು ಉತ್ತರ ಕೊಡುತ್ತೀರಿ? ನಕ್ಕು ಸುಮ್ಮನಾಗುತ್ತೀರಾ? ಮಗುವನ್ನು ಇನ್ನಷ್ಟು ಹೆದರಿಸಿ ಮೋಜು ನೋಡುತ್ತೀರಾ? ಇದು ಸಣ್ಣ ವಿಷಯವಲ್ಲ. ಒಂದು ವಸ್ತುವಿಗೆ, ಒಂದು ಸ್ಥಳಕ್ಕೆ ನಮ್ಮನ್ನು ಹಾಳುಮಾಡುವ ಶಕ್ತಿಯಿದೆ ಎಂದು ನಂಬುವುದು ನಮ್ಮ ಏಕದೇವ ವಿಶ್ವಾಸವನ್ನೇ ತಟ್ಟುವ ವಿಚಾರ. ಅಷ್ಟೇ ಅಲ್ಲ, ಆ ನಂಬಿಕೆಗೆ ಬೆಲೆ ತೆರುವವರು ಹೆಚ್ಚಾಗಿ ನಮ್ಮ ನಡುವಿನ ದುರ್ಬಲರೇ ಆಗಿರುತ್ತಾರೆ.

ಗಾಜಿನ ಪೆಟ್ಟಿಗೆಯ ಗೊಂಬೆ

ಮೊದಲು ಈ ಮ್ಯೂಸಿಯಂಗಳ ಸ್ವರೂಪವನ್ನು ತಿಳಿದುಕೊಳ್ಳೋಣ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮನ್ರೋ ಎಂಬ ಊರಿನಲ್ಲಿ ಎಡ್ ವಾರೆನ್ ಮತ್ತು ಲೊರೇನ್ ವಾರೆನ್ ದಂಪತಿ ತಮ್ಮ ಮನೆಯಲ್ಲೇ ಇಂಥ ಒಂದು ಸಂಗ್ರಹವನ್ನು ಇಟ್ಟಿದ್ದರು. ಅದರಲ್ಲಿ ಹೆಸರಾದದ್ದು ಅನಾಬೆಲ್ ಎಂಬ ಗೊಂಬೆ. ಸಿನೆಮಾದಲ್ಲಿ ಅದನ್ನು ಕ್ರೂರ ಮುಖದ ಗೊಂಬೆಯಾಗಿ ತೋರಿಸಿದರು. ನಿಜವಾದ ಗೊಂಬೆಯಾದರೋ ಅಂಗಡಿಗಳಲ್ಲಿ ಸಿಗುತ್ತಿದ್ದ, ಕೆಂಪು ನೂಲಿನ ಕೂದಲಿನ ಸಾಮಾನ್ಯ ಬಟ್ಟೆಯ ಗೊಂಬೆ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಎಚ್ಚರಿಕೆಯ ಫಲಕ ಹಾಕಿದ ಮೇಲೆ ನೋಡುವವರ ಎದೆ ನಡುಗತೊಡಗಿತು. ಫಲಕವನ್ನು ತೆಗೆದರೆ ಉಳಿಯುವುದು ಬಟ್ಟೆ ಮತ್ತು ಹತ್ತಿ. 2019ರಲ್ಲಿ ಆ ಮ್ಯೂಸಿಯಂ ಸಾರ್ವಜನಿಕರಿಗೆ ಮುಚ್ಚಿತು. ಅದನ್ನು ಮುಚ್ಚಿಸಿದ್ದು ಯಾವ ಪಿಶಾಚಿಯೂ ಅಲ್ಲ, ವಾಸದ ಮನೆಗಳ ಬೀದಿಯಲ್ಲಿ ಮ್ಯೂಸಿಯಂ ನಡೆಸಬಾರದೆಂಬ ಊರಿನ ನಿಯಮ!

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ 'ದುರದೃಷ್ಟದ ಮಮ್ಮಿ' ಎಂದು ಹೆಸರಾದ ವಸ್ತುವೊಂದಿದೆ. ಅದು ಮಮ್ಮಿಯೇ ಅಲ್ಲ; ಈಜಿಪ್ಟಿನ ಶವದ ಮೇಲೆ ಮುಚ್ಚುತ್ತಿದ್ದ, ಬಣ್ಣ ಬಳಿದ ಮರದ ಹಲಗೆ. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದ್ದು ಅದರ ಶಾಪದಿಂದ, ಅದು ಆ ಹಡಗಿನಲ್ಲೇ ಇತ್ತು ಎಂಬ ಕಥೆ ಜಗತ್ತಿನಾದ್ಯಂತ ಹಬ್ಬಿತು. ಸತ್ಯವೇನೆಂದರೆ ಆ ಹಲಗೆ ಆ ಹಡಗನ್ನು ಏರಿಯೇ ಇರಲಿಲ್ಲ. ಆ ಶಾಪದ ಕಥೆಗಳನ್ನು ಹೇಳುತ್ತಿದ್ದ ಪತ್ರಕರ್ತ ವಿಲಿಯಂ ಸ್ಟೆಡ್ ಟೈಟಾನಿಕ್‌ನಲ್ಲಿ ಮೃತಪಟ್ಟವರಲ್ಲಿ ಒಬ್ಬರು. ಕಥೆಗೆ ಅಷ್ಟೇ ಸಾಕಾಯಿತು. ಹಡಗನ್ನು ಒಡೆದದ್ದು ಮಂಜುಗಡ್ಡೆ. ಸಾವಿನ ಸಂಖ್ಯೆಯನ್ನು ಹೆಚ್ಚಿಸಿದ್ದು, ಹಡಗಿನಲ್ಲಿದ್ದ ಎಲ್ಲರಿಗೂ ಸಾಲುವಷ್ಟು ಜೀವರಕ್ಷಕ ದೋಣಿಗಳು ಇಲ್ಲದಿದ್ದದ್ದು. ಶಾಪದ ಕಥೆಯನ್ನು ನಂಬಿದವನು ದೋಣಿಗಳನ್ನು ಲೆಕ್ಕ ಮಾಡಲು ಹೋಗುವುದಿಲ್ಲ.

ಟಿಪ್ಪುವಿನ ಖಡ್ಗ

ಇದು ವಿದೇಶೀಯರ ಮೌಢ್ಯವೆಂದು ನಾವು ನಗುವಂತಿಲ್ಲ. ಚಿಕ್ಕಬಳ್ಳಾಪುರಕ್ಕೆ ನೆರೆಯ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನರು 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಹೋರಾಡುತ್ತಾ ಮಡಿದರು. ಅವರ ವಸ್ತುಗಳನ್ನು ಬ್ರಿಟಿಷರು ಹಂಚಿಕೊಂಡು ಒಯ್ದರು. ಅವುಗಳಲ್ಲಿ ಒಂದು ಖಡ್ಗವನ್ನು ಎರಡು ಶತಮಾನಗಳ ಬಳಿಕ ಉದ್ಯಮಿ ವಿಜಯ ಮಲ್ಯ ಲಂಡನ್ನಿನ ಹರಾಜಿನಲ್ಲಿ 1,75,000 ಪೌಂಡುಗಳಿಗೆ ಕೊಂಡರು. ಮುಂದೆ ಅವರ ವಿಮಾನ ಸಂಸ್ಥೆ ಸಾಲದಲ್ಲಿ ಮುಳುಗಿ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ಖಡ್ಗವು ದುರದೃಷ್ಟ ತರುತ್ತಿದೆಯೆಂದು ಮನೆಯವರು ಭಾವಿಸಿದ್ದರಿಂದ 2016ರಲ್ಲಿ ಅದನ್ನು ಕೊಟ್ಟುಬಿಟ್ಟುದಾಗಿ ಅವರು ತಿಳಿಸಿದರೆಂಬ ವಿಷಯ 2018ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಪ್ರಸ್ತಾಪವಾಗಿ ಪತ್ರಿಕೆಗಳಲ್ಲಿ ಬಂತು.

ಓದುಗರೇ, ಸ್ವಲ್ಪ ಯೋಚಿಸಿ. ಆ ಖಡ್ಗದಲ್ಲಿ ಅಂಥ ಶಕ್ತಿಯಿದ್ದಿದ್ದರೆ ಮೊದಲು ತನ್ನ ಯಜಮಾನನ ಕೋಟೆಯನ್ನು ಉಳಿಸಬೇಕಾಗಿತ್ತಲ್ಲವೇ? ಟಿಪ್ಪುವಿನ ಮಲಗುವ ಕೋಣೆಯಲ್ಲಿತ್ತೆಂದು ಹೇಳಲಾದ ಇನ್ನೊಂದು ಖಡ್ಗವನ್ನು 2023ರ ಮೇ ತಿಂಗಳಲ್ಲಿ ಅದೇ ಲಂಡನ್ನಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡುಗಳಿಗೆ ಹರಾಜು ಹಾಕಲಾಯಿತು. ಒಬ್ಬರಿಗೆ ಅಶುಭ, ಇನ್ನೊಬ್ಬರಿಗೆ ಅಮೂಲ್ಯ. ಕಬ್ಬಿಣ ಮಾತ್ರ ಕಬ್ಬಿಣವೇ. ಲೆಕ್ಕದ ಪುಸ್ತಕದಲ್ಲಿರುವ ಕಾರಣವನ್ನು ಖಡ್ಗದ ಒರೆಯಲ್ಲಿ ಹುಡುಕಿದರೆ ಸಿಗುವುದುಂಟೇ?

ನಾವೂ ನಮ್ಮ ಮಟ್ಟದಲ್ಲಿ ಇದನ್ನೇ ಮಾಡುತ್ತೇವೆ. ಹೊಸ ಸೊಸೆ ಬಂದ ವರ್ಷ ಮಳೆ ಕೈಕೊಟ್ಟರೆ ಅವಳ ಕಾಲ್ಗುಣ ಸರಿಯಿಲ್ಲ ಎನ್ನುತ್ತೇವೆ. ಕೊಂಡ ಗಾಡಿ ಎರಡು ಸಲ ಅಪಘಾತಕ್ಕೀಡಾದರೆ ಗಾಡಿ ಸರಿಯಿಲ್ಲ ಎನ್ನುತ್ತೇವೆಯೇ ಹೊರತು, ಬ್ರೇಕ್ ನೋಡಿಸುವುದಿಲ್ಲ, ಓಡಿಸುವವನ ನಿದ್ದೆಯನ್ನು ವಿಚಾರಿಸುವುದಿಲ್ಲ.

ಕಲ್ಲು ಕಲ್ಲೇ

ಅಜ್ಞಾನ ಕಾಲದ ಅರಬರು ಪ್ರಯಾಣ ಹೊರಡುವಾಗ ಹಕ್ಕಿ ಹಾರುವ ದಿಕ್ಕನ್ನು ನೋಡುತ್ತಿದ್ದರು. ಬಲಕ್ಕೆ ಹಾರಿದರೆ ಶುಭ, ಎಡಕ್ಕೆ ಹಾರಿದರೆ ಅಶುಭ. ಅರಬೀ ಭಾಷೆಯಲ್ಲಿ ಅಪಶಕುನಕ್ಕೆ ಹಕ್ಕಿಯಿಂದಲೇ ಹೆಸರು ಬಂದಿದೆ. ಪ್ರವಾದಿ ಮುಹಮ್ಮದ್(ಸ)ರು ಈ ಶಕುನಗಳನ್ನು ಸ್ಪಷ್ಟವಾಗಿ ನಿರಾಕರಿಸಿದರು (ಬುಖಾರಿ, ಮುಸ್ಲಿಮ್). ಅಲ್ಲಾಹನು ಒಂದು ಕಷ್ಟವನ್ನು ಕೊಟ್ಟರೆ ಅದನ್ನು ನೀಗಿಸುವವನು ಅವನ ಹೊರತು ಬೇರೆ ಯಾರೂ ಇಲ್ಲ, ಅವನು ಒಳಿತನ್ನು ಬಯಸಿದರೆ ತಡೆಯುವವರೂ ಇಲ್ಲ ಎಂಬುದು ಕುರ್‌ಆನಿನ ಬೋಧನೆ (10:107).

ಈ ವಿಷಯದಲ್ಲಿ ಹ. ಉಮರ್(ರ)ರ ಮಾತು ಎಂದೆಂದಿಗೂ ದಾರಿದೀಪ. ಅವರು ಕಅಬಾದ ಕಪ್ಪು ಶಿಲೆಯ ಮುಂದೆ ನಿಂತು, ನೀನು ಹಾನಿಯನ್ನಾಗಲಿ ಲಾಭವನ್ನಾಗಲಿ ಮಾಡಲಾಗದ ಒಂದು ಕಲ್ಲೆಂದು ನನಗೆ ಗೊತ್ತಿದೆ, ಪ್ರವಾದಿಯವರು(ಸ) ಚುಂಬಿಸಿದ್ದನ್ನು ಕಂಡಿರದಿದ್ದರೆ ನಾನು ಚುಂಬಿಸುತ್ತಿರಲಿಲ್ಲ ಎಂಬರ್ಥದ ಮಾತನ್ನು ಎಲ್ಲರೂ ಕೇಳುವಂತೆ ಹೇಳಿದರು (ಬುಖಾರಿ, ಮುಸ್ಲಿಮ್). ಲಕ್ಷಾಂತರ ಜನರು ಗೌರವಿಸುವ ಶಿಲೆಯೇ ಸ್ವಂತ ಶಕ್ತಿಯಿಲ್ಲದ ಕಲ್ಲಾದ ಮೇಲೆ, ಗಾಜಿನ ಪೆಟ್ಟಿಗೆಯ ಗೊಂಬೆಗೆ ಎಲ್ಲಿಯ ಶಕ್ತಿ?

ಪ್ರವಾದಿಯವರ(ಸ) ಮಗು ಇಬ್ರಾಹೀಮ್ ತೀರಿಹೋದ ದಿನ ಸೂರ್ಯಗ್ರಹಣವಾಯಿತು. ಮಗುವಿನ ಮರಣಕ್ಕೆ ಸೂರ್ಯನೇ ಮಂಕಾದನೆಂದು ಜನರು ಮಾತಾಡಿಕೊಂಡರು. ಬೇರೆ ಯಾರೇ ಆಗಿದ್ದರೂ ಆ ಮಾತು ಹಬ್ಬಲೆಂದು ಸುಮ್ಮನಿರುತ್ತಿದ್ದರೇನೋ. ಆದರೆ ಪ್ರವಾದಿಯವರು(ಸ) ಆ ದುಃಖದ ಗಳಿಗೆಯಲ್ಲೂ ಅದನ್ನು ತಿದ್ದಿದರು. ಸೂರ್ಯಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಜನನ ಮರಣಗಳಿಗೂ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ತಿಳಿಸಿದರು (ಬುಖಾರಿ, ಮುಸ್ಲಿಮ್). ತನ್ನ ಗೌರವವನ್ನು ಹೆಚ್ಚಿಸುವಂತಿದ್ದ ಮೂಢನಂಬಿಕೆಯನ್ನೂ ಒಪ್ಪದ ಪ್ರವಾದಿಯ ಅನುಯಾಯಿಗಳು ನಾವು.

"ಹಾಗಾದರೆ ಜಿನ್ನ್ ಎಂಬುದಿಲ್ಲವೇ?" ಎಂದು ಕೆಲವರು ಕೇಳಬಹುದು. ಜಿನ್ನ್‌ಗಳೆಂಬ ಸೃಷ್ಟಿ ಇದೆಯೆಂದು ಕುರ್‌ಆನ್ ತಿಳಿಸುತ್ತದೆ. ಆದರೆ ಅವುಗಳೂ ಅಲ್ಲಾಹನ ದಾಸರೇ. ಮನುಷ್ಯರಲ್ಲಿ ಕೆಲವರು ಜಿನ್ನ್‌ಗಳ ಆಶ್ರಯ ಬೇಡಿದ್ದರಿಂದ ಅವರ ಸಂಕಟ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ ಎಂಬುದು ಕುರ್‌ಆನ್ ಕೊಡುವ ಎಚ್ಚರಿಕೆ (72:6). ಇನ್ನು ಸತ್ತವರ ಆತ್ಮ ಮರಳಿ ಬಂದು ಕೋಟೆಯಲ್ಲಿ, ಗೊಂಬೆಯಲ್ಲಿ ಸೇರಿಕೊಳ್ಳುತ್ತದೆಂಬ ನಂಬಿಕೆಗೆ ಇಸ್ಲಾಮಿನಲ್ಲಿ ಆಧಾರವಿಲ್ಲ. ಮರಣ ಹೊಂದಿದವರಿಗೂ ಈ ಲೋಕಕ್ಕೂ ನಡುವೆ ಪುನರುತ್ಥಾನದ ದಿನದವರೆಗೆ ಒಂದು ತಡೆಯಿದೆ (23:100).

ಭಯದ ಬೆಲೆ ತೆರುವವರು

ಒಂದು ಗೊಂಬೆಗೆ ಹೆದರಿದರೆ ಯಾರಿಗೇನು ನಷ್ಟ ಎಂದು ನಿಮಗನಿಸಬಹುದು. ನಷ್ಟವಿದೆ. ಶಾಪವನ್ನು ನಂಬಿದವನು ಕಾರಣವನ್ನು ಹುಡುಕುವುದನ್ನು ಬಿಡುತ್ತಾನೆ.

1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪುವಿನ ಖಡ್ಗದ ಹೆಸರಿನ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಬಿದ್ದು 62 ಮಂದಿ ಸತ್ತರು. ಖಡ್ಗ, ಸುಲ್ತಾನ, ಬೆಂಕಿ ಎಂದರೆ ಶಾಪದ ಕಥೆ ಹೆಣೆಯಲು ಇನ್ನೇನು ಬೇಕು? ಆದರೆ ಅಲ್ಲಿದ್ದದ್ದು ಸಡಿಲವಾದ ವಿದ್ಯುತ್ ತಂತಿಗಳು, ಬೇಗ ಹೊತ್ತಿಕೊಳ್ಳುವ ಗೋಣಿಯ ಹೊದಿಕೆ, ಗಾಳಿಯಾಡದ ಒಳಾಂಗಣ. ಇವುಗಳನ್ನು ಸರಿಪಡಿಸಬಹುದು, ಶಾಪವನ್ನು ಸರಿಪಡಿಸಲಾಗದು. ಶಾಪವೆಂದು ಕೈತೊಳೆದುಕೊಂಡವನು ಮುಂದಿನ ಬೆಂಕಿಗೆ ದಾರಿ ಮಾಡಿಕೊಡುತ್ತಾನೆ.

ಇದಕ್ಕಿಂತಲೂ ನೋವಿನ ಘಟನೆ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯದು. ಅಲ್ಲಿಯ ದರ್ಗಾದ ಸುತ್ತ ಮನೋರೋಗಿಗಳನ್ನು ಇಟ್ಟುಕೊಳ್ಳುವ ಖಾಸಗಿ ಕೇಂದ್ರಗಳಿದ್ದವು. ದೆವ್ವ ಹಿಡಿದಿದೆ, ಮಾಟವಾಗಿದೆ ಎಂದು ನಂಬಿದ ಮನೆಯವರು ತಮ್ಮವರನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು. 2001ರ ಆಗಸ್ಟ್ 6ರ ಮುಂಜಾನೆ ಒಂದು ಕೇಂದ್ರದ ಗುಡಿಸಲಿಗೆ ಬೆಂಕಿ ಬಿದ್ದಿತು. ಒಳಗಿದ್ದವರನ್ನು ಸರಪಳಿಯಲ್ಲಿ ಬಂಧಿಸಲಾಗಿತ್ತು. ಓಡಲಾಗದೆ 28 ಮಂದಿ ಸತ್ತರು. ಅವರಲ್ಲಿ ಯಾರನ್ನೂ ಜಿನ್ನ್ ಕೊಲ್ಲಲಿಲ್ಲ. ಕೊಂದದ್ದು ಬೆಂಕಿ ಮತ್ತು ಸರಪಳಿ. ಆ ಸರಪಳಿಯನ್ನು ಹಾಕಿದ್ದು ಮನುಷ್ಯರ ಕೈ.

ಚಿಂತಾಮಣಿ ತಾಲೂಕಿನ ಮುರುಗಮಲ್ಲದ ದರ್ಗಾಕ್ಕೆ ಎಲ್ಲ ಧರ್ಮಗಳ ಜನರು ದೂರದೂರದಿಂದ ಬರುತ್ತಾರೆ. ಮನಸ್ಸು ಕದಡಿದ ಮಗಳನ್ನೋ ತಮ್ಮನನ್ನೋ ಕರೆದುಕೊಂಡು ಇಂಥ ಸ್ಥಳಗಳಿಗೆ ಹೋಗುವ ಮನೆಯವರ ಸಂಕಟವನ್ನು ನಾವು ಹಗುರವಾಗಿ ಕಾಣಬಾರದು. ಅವರು ಪ್ರೀತಿಯಿಂದಲೇ ಹೊರಟಿರುತ್ತಾರೆ. ಆದರೆ ಆ ಪ್ರೀತಿ ಆಸ್ಪತ್ರೆಯ ಬಾಗಿಲಿಗೂ ಹೋಗಬೇಕು. ಅಲ್ಲಾಹನು ಮುಪ್ಪಿನ ಹೊರತು ಪ್ರತಿಯೊಂದು ರೋಗಕ್ಕೂ ಮದ್ದನ್ನು ಇಟ್ಟಿದ್ದಾನೆ, ಚಿಕಿತ್ಸೆ ಮಾಡಿಸಿರೆಂದು ಪ್ರವಾದಿಯವರೇ(ಸ) ಬೋಧಿಸಿದ್ದಾರೆ (ಅಬೂದಾವೂದ್, ತಿರ್ಮಿದಿ). 1284ರಲ್ಲಿ ಕೈರೋ ನಗರದಲ್ಲಿ ಸುಲ್ತಾನ್ ಮನ್ಸೂರ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಪ್ರತ್ಯೇಕ ವಿಭಾಗವೇ ಇತ್ತು. ನಮ್ಮ ಪೂರ್ವಿಕರು ಅವರನ್ನು ಹಾಸಿಗೆಯಲ್ಲಿ ಮಲಗಿಸಿ ಆರೈಕೆ ಮಾಡುತ್ತಿದ್ದಾಗ, ಇಂದು ನಾವು ಸರಪಳಿ ಹುಡುಕುವುದು ಎಂಥ ಅಧಃಪತನ!

2017ರ ಮಾನಸಿಕ ಆರೋಗ್ಯ ಕಾಯಿದೆಯು ಮನೋರೋಗಿಯನ್ನು ಯಾವುದೇ ರೀತಿಯಲ್ಲೂ ಸರಪಳಿಯಿಂದ ಕಟ್ಟಬಾರದೆಂದು ನಿಷೇಧಿಸಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಕರ್ನಾಟಕದ ಕಾನೂನಿನಲ್ಲೂ ಅಪರಾಧ. ನಮ್ಮ ಜಿಲ್ಲೆಯವರಿಗೆ ಬೆಂಗಳೂರಿನ ನಿಮ್ಹಾನ್ಸ್ ದೂರವಲ್ಲ. ಅಲ್ಲಿಗೆ ಹೋಗುವ ಮೊದಲು ಸಲಹೆ ಬೇಕಾದರೆ 14416 ಎಂಬ ಟೆಲಿ ಮಾನಸ್ ದೂರವಾಣಿ 2022ರಿಂದ ಇದೆ, ಕನ್ನಡದಲ್ಲೇ ಮಾತಾಡಬಹುದು. ದುಆ ಮಾಡಿರಿ, ಫಲಕ್ ಮತ್ತು ನಾಸ್ ಅಧ್ಯಾಯಗಳನ್ನು ಓದಿರಿ. ಜೊತೆಗೆ ವೈದ್ಯರ ಚೀಟಿಯನ್ನೂ ಪಾಲಿಸಿರಿ. ಒಂಟೆಯನ್ನು ಕಟ್ಟಿ ನಂತರ ಅಲ್ಲಾಹನ ಮೇಲೆ ಭರವಸೆಯಿಡುವುದೇ ಪ್ರವಾದಿಯವರು(ಸ) ಕಲಿಸಿದ ತವಕ್ಕುಲ್.

ಹುಳು ಮನೆಯ ಪಾಠ

ಕಾರಣ ಹುಡುಕುವುದರ ಫಲವನ್ನು ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ನಾಲ್ಕನೆಯ ಜ್ವರ ಎದ್ದ ಹುಳುಗಳು ಗೂಡು ಕಟ್ಟುವ ಮೊದಲೇ ಸಾಯತೊಡಗಿದರೆ ಮನೆಯವರ ಎದೆಯೊಡೆಯುತ್ತದೆ. ಯಾರದೋ ಕಣ್ಣು ಬಿತ್ತು, ಯಾರೋ ಏನೋ ಮಾಡಿಸಿದರು ಎಂಬ ಮಾತು ಬೇಗ ಬಾಯಿಗೆ ಬರುತ್ತದೆ. ಆಗ ನೆರೆಯವರ ಮೇಲೆ ಸಂಶಯ, ಸಂಬಂಧಿಕರೊಡನೆ ಜಗಳ.

1865ರಲ್ಲಿ ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಇದೇ ರೀತಿ ಹುಳುಗಳು ಸಾಯುತ್ತಿದ್ದಾಗ ಲೂಯಿ ಪಾಶ್ಚರ್ ಎಂಬ ವಿಜ್ಞಾನಿ ಅಲ್ಲಿಗೆ ಹೋಗಿ ವರ್ಷಗಟ್ಟಲೆ ಪರೀಕ್ಷೆ ಮಾಡಿದರು. ಗಂಟುರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆಂದು ಕಂಡುಕೊಂಡರು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿಲ್ಲದ ಚಿಟ್ಟೆಯ ಮೊಟ್ಟೆಯನ್ನು ಮಾತ್ರ ಉಳಿಸಿಕೊಳ್ಳುವ ಕ್ರಮವನ್ನು ರೂಢಿಗೆ ತಂದರು. ಇಂದಿಗೂ ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುತ್ತದೆ. ನೆರೆಯವನನ್ನು ಸಂಶಯಿಸಿದ್ದರಿಂದ ಒಂದು ಹುಳುವೂ ಬದುಕಲಿಲ್ಲ. ಕಾರಣವನ್ನು ಹುಡುಕಿದ್ದರಿಂದ ಲಕ್ಷಾಂತರ ಮನೆಗಳ ಒಲೆ ಉರಿಯಿತು. ಅಲ್ಲಾಹನು ಸೃಷ್ಟಿಯಲ್ಲಿಟ್ಟಿರುವ ನಿಯಮಗಳನ್ನು ಅರಿಯಲು ಬುದ್ಧಿಯನ್ನು ಬಳಸುವುದೂ ಅವನಿಗೆ ಸಲ್ಲಿಸುವ ಕೃತಜ್ಞತೆಯೇ.

ಹೇಗೆ ನೋಡಬೇಕು?

ಈಗ ಮಗುವಿನ ಪ್ರಶ್ನೆಗೆ ಮರಳೋಣ. ನಂದಿಬೆಟ್ಟಕ್ಕೆ ಖಂಡಿತ ಹೋಗಿರಿ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಆ ಬೆಟ್ಟದ ಅಂಚಿನಲ್ಲಿ ಗಾಳಿ ಬಂಡೆಗಳ ಸಂದಿಯಲ್ಲಿ ನುಗ್ಗುವಾಗ ನಾನಾ ಬಗೆಯ ಸದ್ದು ಹುಟ್ಟುತ್ತದೆಂದು ಮಗುವಿಗೆ ತಿಳಿಸಿರಿ. ಶಿಕ್ಷೆಗೊಳಗಾದವರನ್ನು ಅಲ್ಲಿಂದ ತಳ್ಳುತ್ತಿದ್ದರೆಂಬುದು ಜನರ ಬಾಯಲ್ಲಿರುವ ಮಾತು. ಆದರೆ 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಆ ಕೋಟೆಗೆ ವಾರಗಟ್ಟಲೆ ಮುತ್ತಿಗೆ ಹಾಕಿ ಅಕ್ಟೋಬರ್ 19ರಂದು ವಶಪಡಿಸಿಕೊಂಡದ್ದು ಇತಿಹಾಸ. ಅಲ್ಲಿ ಸತ್ತ ಸಿಪಾಯಿಗಳಿಗೂ ಮನೆಯಿತ್ತು, ಮಕ್ಕಳಿದ್ದರು ಎಂದು ಹೇಳಿರಿ.

ತಬೂಕ್ ದಂಡಯಾತ್ರೆಯ ದಾರಿಯಲ್ಲಿ ಪ್ರವಾದಿಯವರು(ಸ) ಸಮೂದ್ ಜನಾಂಗದ ಪಾಳುಬಿದ್ದ ನಾಡಾದ ಹಿಜ್ರ್‌ನ್ನು ಹಾದುಹೋದರು. ಆ ಮನೆಗಳೊಳಗೆ ಅಳುತ್ತಾ ಹೊರತು ಪ್ರವೇಶಿಸಬೇಡಿರೆಂದು ಸಂಗಡಿಗರಿಗೆ ಹೇಳಿದರು (ಬುಖಾರಿ, ಮುಸ್ಲಿಮ್). ಅದು ದೆವ್ವದ ಭಯದಿಂದ ಬರುವ ಅಳುವಲ್ಲ. ಅವರಿಗಾದದ್ದು ನಮಗೂ ಆಗಬಾರದಲ್ಲ ಎಂಬ ಆತ್ಮವಿಮರ್ಶೆಯ ಅಳು. ಮನುಷ್ಯರು ನೊಂದ ಸ್ಥಳದಲ್ಲಿ ಕೇಕೆ ಹಾಕಿ ವಿಡಿಯೋ ತೆಗೆಯುವವರು ಈ ಶಿಷ್ಟಾಚಾರವನ್ನು ನೆನಪಿಡಬೇಕು.

ಮ್ಯೂಸಿಯಂ ನೋಡಬೇಕೆನಿಸಿದರೆ ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಗೆ ಹೋಗಿರಿ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆಯನ್ನು ಸ್ಮಾರಕವಾಗಿ ಉಳಿಸಿ, ಅವರು ಬಳಸಿದ ವಸ್ತುಗಳನ್ನು ಇಡಲಾಗಿದೆ. ಆ ವಸ್ತುಗಳು ಯಾರನ್ನೂ ಹೆದರಿಸುವುದಿಲ್ಲ. ಹಳ್ಳಿಯ ಹುಡುಗನೊಬ್ಬ ದುಡಿಮೆಯಿಂದ ಎಲ್ಲಿಗೆ ಮುಟ್ಟಬಹುದೆಂದು ತಿಳಿಸುತ್ತವೆ. ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥಕ್ಕೆ ಹೋಗಿರಿ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ಬಳಿಕ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಒಪ್ಪಂದವಾಗಿ, ಮೈಸೂರು ಸಂಸ್ಥಾನದ ಧ್ವಜದೊಂದಿಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅವಕಾಶ ದೊರೆಯಿತು. ಅಲ್ಲಿ ಸತ್ತವರ ಹೆಸರಿನಲ್ಲಿ ಸ್ಮಾರಕವಿದೆ, ದೆವ್ವದ ಕಥೆಯಿಲ್ಲ. ಸತ್ತವರಿಗೆ ನಾವು ಸಲ್ಲಿಸಬೇಕಾದದ್ದು ನೆನಪು ಮತ್ತು ನ್ಯಾಯ.

ಕೊನೆಯದಾಗಿ, ಪ್ರವಾಸ ಹೊರಡುವವರು ಮೂರು ವಿಷಯಗಳನ್ನು ಗಮನದಲ್ಲಿಡಿರಿ. ಒಂದು, ಹೊಸ ಸ್ಥಳದಲ್ಲಿ ಇಳಿದಾಗ ಸೃಷ್ಟಿಗಳ ಕೆಡುಕಿನಿಂದ ಅಲ್ಲಾಹನ ಅಭಯ ಬೇಡಲು ಪ್ರವಾದಿಯವರು(ಸ) ಕಲಿಸಿದ ದುಆವನ್ನು (ಮುಸ್ಲಿಮ್) ಮಕ್ಕಳಿಗೆ ಬಾಯಿಪಾಠ ಮಾಡಿಸಿರಿ. ಅದು ಭಯವನ್ನು ಹೆಚ್ಚಿಸುವ ಮಂತ್ರವಲ್ಲ, ಭಯದ ಬಾಗಿಲು ಮುಚ್ಚುವ ಪ್ರಾರ್ಥನೆ. ಎರಡು, ತಮಾಷೆಗೂ ಒಬ್ಬರನ್ನೊಬ್ಬರು ಹೆದರಿಸಬೇಡಿರಿ. ಪ್ರಯಾಣದಲ್ಲಿ ಮಲಗಿದ್ದ ಸಂಗಡಿಗನೊಬ್ಬನ ಹಗ್ಗವನ್ನು ಇನ್ನೊಬ್ಬರು ತೆಗೆದಾಗ ಅವನು ಬೆಚ್ಚಿಬಿದ್ದ. ಮುಸ್ಲಿಮನನ್ನು ಹೆದರಿಸುವುದು ಮುಸ್ಲಿಮನಿಗೆ ಧರ್ಮಸಮ್ಮತವಲ್ಲವೆಂದು ಪ್ರವಾದಿಯವರು(ಸ) ಆಗ ತಿಳಿಸಿದರು (ಅಬೂದಾವೂದ್). ಮೂರು, ಯಾವುದೇ ವಸ್ತುವಿನ ಮುಂದೆ ನಿಂತಾಗ "ಇದು ನನಗೇನು ಮಾಡೀತು?" ಎಂದು ಕೇಳುವ ಬದಲು, "ಇದು ಯಾರದಾಗಿತ್ತು, ಅವರಿಗೆ ಏನಾಯಿತು, ಏಕಾಯಿತು?" ಎಂದು ಕೇಳಲು ಮಕ್ಕಳಿಗೆ ಕಲಿಸಿರಿ.

ಹೀಗೆ ಕೇಳಲು ಕಲಿತ ಮಗು ನಾಳೆ ದೊಡ್ಡದಾದಾಗ, ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಸರಪಳಿ ಹುಡುಕುವುದಿಲ್ಲ, ವೈದ್ಯರನ್ನು ಹುಡುಕುತ್ತದೆ. ನೆರೆಯವರನ್ನು ಸಂಶಯಿಸುವುದಿಲ್ಲ, ಕಾರಣವನ್ನು ವಿಚಾರಿಸುತ್ತದೆ. ರಜೆಯಿಂದ ಮರಳುವಾಗ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಬೇರೇನಿದೆ? ತನ್ನ ಹೊರತು ಮತ್ತೊಂದಕ್ಕೆ ಅಂಜದ ಹೃದಯವನ್ನೂ ನೊಂದವರಿಗೆ ಮಿಡಿಯುವ ಮನಸ್ಸನ್ನೂ ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.